ಆಟಗಳಿಗೊಂದು ಕೋಣೆ

ಮನೆ ಕಟ್ಟಿಸುವವರು ದೇವರಿಗೊಂದು ಕೋಣೆ ಇಡುತ್ತಾರೆ. ಅಡಿಗೆಗೊಂದು, ಮಲಗುವುದಕ್ಕೆ ಎರಡು. ಅನುಕೂಲವಿದ್ದವರು ಅತಿಥಿಗಳಿಗೆಂದು ಇನ್ನೊಂದು ಕೋಣೆಯನ್ನು ಕಟ್ಟಿಸಿ, ಬಂದವರಿಗೆ ಉಳಿಯುವ ಆಸೆಯಾಗದಿರಲೆಂದೋ ಏನೋ, ಅದರ ತುಂಬ ಹಳೆಯ ಟ್ರಂಕುಗಳನ್ನು ಪೇರಿಸುತ್ತಾರೆ. ಆದರೆ ಆಟದ ಸಾಮಾನಿಗೆ ಒಂದು ಕೋಣೆ ಬೇಕೆಂದು ಮೇಸ್ತ್ರಿಯನ್ನು ಕೇಳಿದ ಗೃಹಸ್ಥರನ್ನು ನಾನು ಇದುವರೆಗೆ ಕಂಡಿಲ್ಲ. ಕೇಳುವ ಅಗತ್ಯವೂ ಹಿಂದೆ ಇರಲಿಲ್ಲ. ಚೌಕಾಬಾರದ ಮನೆಗಳನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದರೆ ಆಯಿತು; ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಪಗಡೆಯ ಹಾಸು ಅಜ್ಜಿಯ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಕೆಳಗೆ ಮಡಿಸಿಕೊಂಡು ಮಲಗಿರುತ್ತಿತ್ತು. ಅಳಗುಳಿಮಣೆ ಅಟ್ಟದ ಮೇಲೆ ಹೊಗೆ ಕುಡಿಯುತ್ತಿತ್ತು. ಹುಣಿಸೆಬೀಜ ಕಳೆದರೆ ಅಡಿಗೆಮನೆಯಲ್ಲಿ ಬೇಕಾದಷ್ಟು ಸಿಕ್ಕುತ್ತಿತ್ತು. ಆ ಆಟಗಳಿಗೆ ವಯಸ್ಸಾಗುತ್ತಿರಲಿಲ್ಲ. ಆಡುವವರಿಗೆ ಆಗುತ್ತಿತ್ತು, ಅಷ್ಟೆ.

ಈ ಮಾತು ಬಂದದ್ದು ವಿಡಿಯೊ ಗೇಮುಗಳ ದೆಸೆಯಿಂದ. ಕನ್ನಡ ಮೇಷ್ಟರಿಗೂ ವಿಡಿಯೊ ಗೇಮಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ರಕ್ತದ್ದಲ್ಲ, ಮದುವೆಯದು. ನನ್ನ ಭಾವಮೈದುನ ಸರಕು ಹಡಗಿನಲ್ಲಿ ಇಂಜಿನಿಯರು. ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ನೀರಿನ ಮೇಲಿರುತ್ತಾನೆ. ಮದುವೆಯಾಗಿಲ್ಲ, ಆಗುವ ಲಕ್ಷಣವೂ ಕಾಣುತ್ತಿಲ್ಲ. ಅವನ ಆಸ್ತಿಯೆಂದರೆ 340 ಆಟಗಳು ಮತ್ತು ಅವುಗಳನ್ನು ಆಡಿಸುವ ಹದಿನಾಲ್ಕು ಯಂತ್ರಗಳು. ಹಡಗಿನ ಕ್ಯಾಬಿನ್ನಿನಲ್ಲಿ ಇವನ್ನು ಇಡಲಾಗದು. ಆದ್ದರಿಂದ ಆಸ್ತಿ ಅಕ್ಕನ ಮನೆಯಲ್ಲಿದೆ. ಅಕ್ಕನ ಮನೆ ಎಂದರೆ ನನ್ನ ಮನೆ.

ಈ ಸಂಗ್ರಹ ಶುರುವಾದದ್ದು ಮೈಸೂರಿನಲ್ಲಿ, ಅವನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಅದು ತೊಂಬತ್ತರ ದಶಕ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು ನಮ್ಮ ಊರುಗಳಲ್ಲಿ ‘ಟೀವಿ ಗೇಮ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಕಾಲ. ಆಟದ ಡಬ್ಬಿಯನ್ನು ಎಲ್ಲರೂ ಕ್ಯಾಸೆಟ್ಟು ಎಂದೇ ಕರೆಯುತ್ತಿದ್ದರು. ಅದರೊಳಗೆ ಟೇಪು ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಹಳದಿ ಬಣ್ಣದ ಕ್ಯಾಸೆಟ್ಟು. ಅದರ ಮೇಲೆ ‘ಒಂದರಲ್ಲಿ 9999 ಆಟ’ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಬೇಟೆ, ಟ್ಯಾಂಕು. ಆಮೇಲೆ ಅವೇ ಬೇರೆ ಹೆಸರಿನಿಂದ ಮತ್ತೆ ಮತ್ತೆ. ನಮ್ಮ ಪುರಾಣಗಳಲ್ಲಿಯೂ ಇಂಥ ಲೆಕ್ಕವಿದೆಯಾದ್ದರಿಂದ ನಾನು ಆಕ್ಷೇಪಿಸುವುದಿಲ್ಲ. ಮುಂದೆ ಹಡಗು ಸೇರಿದ ಮೇಲೆ ಅವನಿಗೆ ಬಂದರುಗಳು ಸಿಕ್ಕಿದವು, ಬಂದರುಗಳಲ್ಲಿ ಹಳೆಯ ಸಾಮಾನಿನ ಅಂಗಡಿಗಳು ಸಿಕ್ಕಿದವು. ಯೊಕೊಹಾಮ, ಸಿಂಗಪುರ, ರಾಟರ್‌ಡ್ಯಾಮ್. ಬೇರೆ ನಾವಿಕರು ಸೆಂಟು, ಚಾಕೊಲೇಟು ತಂದರೆ ಇವನು ಕ್ಯಾಸೆಟ್ಟು ತಂದ.

ಮೈಸೂರಿನಲ್ಲಿ ಇದ್ದಷ್ಟು ದಿನ ಈ ಸಂಗ್ರಹದ ಬಗ್ಗೆ ನಾನು ತಲೆ ಕೆಡಿಸಿಕೊಂಡವನಲ್ಲ. ಅಲ್ಲಿಯ ಹವೆ ಎಲ್ಲವನ್ನೂ ಕಾಪಾಡುತ್ತದೆ, ನಿವೃತ್ತರನ್ನು ಕೂಡ. ಆದರೆ 2021ರಲ್ಲಿ ನನಗೆ ಘಟ್ಟದ ಕೆಳಗೆ, ಕಾರ್ಕಳದ ಆಸುಪಾಸಿನ ಕಾಲೇಜಿಗೆ ವರ್ಗವಾಯಿತು. ಸಿಕ್ಕಿದ ಬಾಡಿಗೆ ಮನೆ ಮುರಕಲ್ಲಿನ ಗೋಡೆಯದು, ಹೆಂಚಿನ ಮಾಡಿನದು. ಸುತ್ತ ಅಡಕೆ ತೋಟ. ನೋಡುವುದಕ್ಕೆ ಚಿತ್ರದಂತಿದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ನಾವು ಮೈಸೂರಿನವರು ಮಳೆ ಎಂದರೆ ಬಂದು ಹೋಗುವ ವಸ್ತು ಎಂದುಕೊಂಡವರು. ಇಲ್ಲಿಯದು ಬಂದು ಕುಳಿತುಕೊಳ್ಳುವ ಮಳೆ. ಹದಿನೈದು ದಿನದಲ್ಲಿ ಉಪ್ಪು ನೀರಾಯಿತು, ಬೆಂಕಿಕಡ್ಡಿ ಗೀರಿದರೆ ಮದ್ದು ಜಾರಿತು, ನನ್ನ ಚರ್ಮದ ಚಪ್ಪಲಿಯ ಮೇಲೆ ಹಸುರು ಮಖಮಲ್ಲು ಬೆಳೆಯಿತು. ಹೆಂಡತಿ ಬೀರುವಿನಿಂದ ಒಂದು ಆಟದ ಕಾಗದದ ಪೆಟ್ಟಿಗೆಯನ್ನು ತೆಗೆದು ನನ್ನ ಮುಂದಿಟ್ಟಳು. ಅದರ ಮೇಲೆ ಕತ್ತಿ ಹಿಡಿದು ನಿಂತಿದ್ದ ಶೂರನ ಮುಖಕ್ಕೆ ಬಿಳಿಯ ಬೂಷ್ಟಿನ ಗಡ್ಡ ಬಂದಿತ್ತು.

“ರೀ, ತಮ್ಮ ನಂಬಿ ಬಿಟ್ಟು ಹೋಗಿದಾನೆ,” ಎಂದಳು. ಬೇರೇನೂ ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ಆ ದಿನದಿಂದ ನಾನು ಈ ವಿಷಯದಲ್ಲಿ ಒಂದಿಷ್ಟು ವ್ಯಾಸಂಗ ಮಾಡಿದ್ದೇನೆ. ಮಾಡಿದ ಮೇಲೆ ತಿಳಿದದ್ದು, ‘ವಿಡಿಯೊ ಗೇಮು’ ಎಂಬುದು ಒಂದು ಪದಾರ್ಥವಲ್ಲ, ಒಂದು ಅವಿಭಕ್ತ ಕುಟುಂಬ. ಅದರಲ್ಲಿ ಪ್ಲಾಸ್ಟಿಕ್ಕಿದೆ, ತಾಮ್ರವಿದೆ, ಕಾಗದವಿದೆ, ರಬ್ಬರಿದೆ, ಅಂಟಿದೆ, ಸೆಲ್ಲಿದೆ. ಒಬ್ಬೊಬ್ಬರದು ಒಂದೊಂದು ಕಾಯಿಲೆ. ಹಳೆಯ ಕ್ಯಾಸೆಟ್ಟಿನೊಳಗಿನ ಆಟ ಮಾತ್ರ ಗಟ್ಟಿ ಜೀವ. ಅದನ್ನು ಕಾರ್ಖಾನೆಯಲ್ಲಿ ಚಿಪ್ಪು ತಯಾರಾಗುವಾಗಲೇ ಅದರೊಳಗೆ ಕೆತ್ತಿಬಿಟ್ಟಿರುತ್ತಾರೆ, ಕಲ್ಲಿನ ಶಾಸನವಿದ್ದಂತೆ. ಆದರೆ ಚಿಪ್ಪಿನಿಂದ ಯಂತ್ರಕ್ಕೆ ಮಾತು ದಾಟಿಸುವ ಲೋಹದ ಹಲ್ಲುಗಳಿಗೆ ತೇವ ಹತ್ತಿದರೆ ಕಿಲುಬು ಕಟ್ಟುತ್ತದೆ. ಆಗ ಪರದೆಯ ಮೇಲೆ ಬರಿಯ ಗೀಟುಗಳು. ನಮ್ಮ ದೇಶದ ಮಕ್ಕಳೆಲ್ಲ ಆಗ ಮಾಡುತ್ತಿದ್ದ ಚಿಕಿತ್ಸೆ ಒಂದೇ: ಕ್ಯಾಸೆಟ್ಟನ್ನು ಹೊರಗೆಳೆದು ಬಾಯಿಗೆ ಹಿಡಿದು ‘ಉಫ್’ ಎಂದು ಊದುವುದು. ಅಮೆರಿಕದ ಮಕ್ಕಳೂ ಅದನ್ನೇ ಮಾಡುತ್ತಿದ್ದರಂತೆ. ಊದಿದ ಮೇಲೆ ಆಟ ಬರುತ್ತಿದ್ದದ್ದು ಮತ್ತೊಮ್ಮೆ ಸರಿಯಾಗಿ ಕೂರಿಸಿದ್ದರಿಂದ. ಊದಿದ ಉಸಿರಿನಲ್ಲಿದ್ದ ತೇವವೋ ನಿಧಾನವಾಗಿ ಹಲ್ಲನ್ನು ತಿನ್ನುತ್ತಿತ್ತು. ಕಂಪನಿಯೇ ಊದಬೇಡಿರೆಂದು ಹೇಳಿತ್ತು. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕತಕ್ಕದ್ದು ಎಂಬುದು ಶಾಸ್ತ್ರ.

ತಟ್ಟೆಯಂಥ ಡಿಸ್ಕುಗಳದು ಬೇರೆ ಕಥೆ. 1994ರಲ್ಲಿ ಬಂದ ಪ್ಲೇಸ್ಟೇಷನ್ನಿನ ಕಪ್ಪು ಡಿಸ್ಕುಗಳು ಭಾವಮೈದುನನ ಬಳಿ ಅರವತ್ತಿವೆ. ಹೊಳೆಯುವ ಕಡೆಗೆ ಗೀರು ಬೀಳಬಾರದೆಂದು ಎಲ್ಲರೂ ಅದನ್ನು ಮೇಲು ಮಾಡಿ ಇಡುತ್ತಾರೆ. ಆದರೆ ಸೀಡಿಯಲ್ಲಿ ಬರಹವಿರುವುದು ಚಿತ್ರ ಅಚ್ಚಾದ ಕಡೆಗೆ ಹತ್ತಿರ. ಅಲ್ಲಿ ಅಲ್ಯುಮಿನಿಯಮ್ಮಿನ ತೆಳು ಪೊರೆ, ಅದರ ಮೇಲೆ ಅರಗಿನ ಇನ್ನೂ ತೆಳುವಾದ ಲೇಪ. ಲೇಪ ಬಿರಿದು ತೇವ ಒಳಗೆ ಹೋದರೆ ಅಲ್ಯುಮಿನಿಯಮ್ಮು ತುಕ್ಕು ತಿಂದು ಅಲ್ಲಲ್ಲಿ ಬೆಳಕು ಕಾಣುತ್ತದೆ. ಡಿಸ್ಕನ್ನು ಪುಸ್ತಕದಂತೆ ನಿಲ್ಲಿಸಿ ಇಡಬೇಕು, ಪೇರಿಸಿದರೆ ಬಾಗುತ್ತದೆ. ಯಂತ್ರಗಳ ಬೂದು ಬಣ್ಣದ ಹೊದಿಕೆ ಬೆಳಕಿಗೂ ಶಾಖಕ್ಕೂ ಹಳದಿಯಾಗುತ್ತದೆ. ಬೆಂಕಿ ಹತ್ತದಿರಲೆಂದು ಆ ಪ್ಲಾಸ್ಟಿಕ್ಕಿಗೆ ಬೆರೆಸಿದ ಬ್ರೋಮಿನ್ ಅದಕ್ಕೆ ಕಾರಣವೆಂದು ಹೇಳುತ್ತಾರೆ. ಬೆಂಕಿಯಿಂದ ಉಳಿದದ್ದು ಬಿಸಿಲಿಗೆ ಸಿಕ್ಕಿತು. ತಂತಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟರೆ ಬ್ಯಾಂಡು ಕರಗಿ ಬೆಲ್ಲದ ಪಾಕದಂತೆ ಹತ್ತಿಕೊಳ್ಳುತ್ತದೆ. ರಿಮೋಟಿನಂಥವುಗಳಲ್ಲಿ ಪೆನ್ಸಿಲ್ ಸೆಲ್ಲು ಮರೆತಿಟ್ಟರೆ ಅದು ಕಾರಿಕೊಂಡು ಸ್ಪ್ರಿಂಗನ್ನು ನುಂಗುತ್ತದೆ. ಇನ್ನು ಬೆಚ್ಚಗಿನ ಯಂತ್ರದೊಳಗೆ ಸಂಸಾರ ಹೂಡುವ ಜಿರಲೆಯ ವಿಷಯ ಊಟದ ಹೊತ್ತಿನಲ್ಲಿ ಓದುವವರೂ ಇರುತ್ತಾರಾದ್ದರಿಂದ ಬಿಡುತ್ತೇನೆ.

ಇಷ್ಟು ಕಾಯಿಲೆಗಳಿಗೂ ಪಥ್ಯ ಮಾತ್ರ ಒಂದೇ. ಕತ್ತಲೆ; ಇಪ್ಪತ್ತರ ಆಚೀಚಿನ ಉಷ್ಣತೆ; ಗಾಳಿಯಲ್ಲಿ ತೇವ ನೂರಕ್ಕೆ 40ರಿಂದ 50. ಅರುವತ್ತೈದು ದಾಟಿದರೆ ಬೂಷ್ಟಿಗೆ ಹಬ್ಬ. ಮೂವತ್ತೈದಕ್ಕಿಂತ ಇಳಿದರೆ ಕಾಗದ ಗರಿಗುಟ್ಟುತ್ತದೆ, ಮುಟ್ಟಿದರೆ ಕಿಡಿ ಹಾರುವಂಥ ವಿದ್ಯುತ್ತು ಮೈಗೂಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹವೆ ದಿನಕ್ಕೊಂದು ತೆರನಾಗಬಾರದು. ಸ್ವಲ್ಪ ಕೆಟ್ಟದಾದರೂ ಒಂದೇ ಸಮನಾಗಿರುವ ಹವೆ, ಹಗಲು ಉತ್ತಮವಾಗಿ ರಾತ್ರಿ ಕೆಡುವ ಹವೆಗಿಂತ ಲೇಸು. ಪ್ಲಾಸ್ಟಿಕ್ಕು, ಲೋಹ, ಕಾಗದ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವಾದ್ದರಿಂದ, ಏರಿಳಿತ ಹೆಚ್ಚಾದಷ್ಟೂ ಅವುಗಳ ನಡುವಿನ ಅಂಟು ಸಡಿಲವಾಗುತ್ತದೆ. ಕೂಡುಕುಟುಂಬ ಒಡೆಯುವುದು ಹಾಗೆಯೇ.

ನಾನು ಅಂಗೈಯಗಲದ ಒಂದು ತೇವಮಾಪಕವನ್ನು ತರಿಸಿದೆ. ಅದನ್ನು ಹಿಡಿದು ಆಷಾಢದ ಮಳೆಯಲ್ಲಿ ಕೋಣೆಯಿಂದ ಕೋಣೆಗೆ ಹೋದೆ. ಉಪ್ಪರಿಗೆ: 92. ಜಗಲಿ: 94. ನಡುಮನೆ: 88. ಅಡಿಗೆಮನೆಯ ಅಟ್ಟ: 90. ಈ ಕೊನೆಯದು ನನಗೆ ಆಶ್ಚರ್ಯ. ಹಿಂದಿನವರು ಬೀಜದ ಭತ್ತ, ತಾಳೆಗರಿ, ಹಪ್ಪಳ ಎಲ್ಲವನ್ನೂ ಅಟ್ಟದ ಮೇಲಿಟ್ಟು ಮಳೆಗಾಲ ದಾಟಿಸುತ್ತಿದ್ದರಲ್ಲ? ಆದರೆ ಅವರ ಅಟ್ಟದ ಕೆಳಗೆ ಸೌದೆಯೊಲೆ ಹೊತ್ತಿರುತ್ತಿತ್ತು. ದಿನವಿಡೀ ಬಿಸಿ ಹೊಗೆ ಮೇಲೇರಿ ಹೆಂಚಿನ ಸಂದಿನಿಂದ ತೇವವನ್ನು ಹೊರದಬ್ಬುತ್ತಿತ್ತು. ನಮ್ಮದು ಗ್ಯಾಸು. ಗ್ಯಾಸು ಉರಿದಾಗ ಹೊಗೆ ಕಾಣುವುದಿಲ್ಲ. ನೀರಿನ ಆವಿ ಮಾತ್ರ ಧಾರಾಳವಾಗಿ ಬರುತ್ತದೆ. ಅಟ್ಟ ಉಳಿದಿದೆ, ಅಟ್ಟದ ಗುಣ ಹೋಗಿದೆ.

ಮನೆಯ ಯಜಮಾನರು ನೆರೆಮನೆಯಲ್ಲೇ ಇರುತ್ತಾರೆ. ಎಂಬತ್ತರ ಹತ್ತಿರದವರು. ನಾನು ಮಾಪಕ ಹಿಡಿದು ತಿರುಗುವುದನ್ನು ಕಂಡು, “ಎಂಥದು ಮಾಷ್ಟ್ರೆ, ಜ್ವರ ಉಂಟಾ ಮನೆಗೆ?” ಎಂದು ಕೇಳಿದರು. ವಿಷಯ ತಿಳಿದ ಮೇಲೆ ಎರಡು ಸಲಹೆ ಕೊಟ್ಟರು. ಒಂದು, ನುಸಿಗುಳಿಗೆ ಹಾಕಿ ಎಂಬುದು. ಪುಸ್ತಕದ ಬೀರುವಿಗೆ ನಾನೂ ಹಾಕುತ್ತೇನೆ. ಆದರೆ ನುಸಿಗುಳಿಗೆಯ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಆಟಗಳಿಗೆ ಅದು ವರ್ಜ್ಯ. ಎರಡನೆಯದು ಅಕ್ಕಿಮುಡಿಯ ಸಂಗತಿ. ಬೈಹುಲ್ಲನ್ನು ಹೆಣೆದು ಅದರೊಳಗೆ ಅಕ್ಕಿಯನ್ನು ಬಿಗಿಯಾಗಿ ಕಟ್ಟಿ ಚೆಂಡಿನಂತೆ ಮಾಡುವುದನ್ನು ಈ ಕಡೆಯ ಹಳಬರೆಲ್ಲ ಬಲ್ಲರು. “ಹುಲ್ಲು ಥಂಡಿ ಕುಡೀತದೆ ಮಾರಾಯ್ರೆ, ಅಕ್ಕಿಗೆ ಬಿಡುದಿಲ್ಲ. ಬಿಗಿ ಇದ್ದರೆ ಗಾಳಿಯೂ ಹೊಗುದಿಲ್ಲ. ನಿಮ್ಮ ಆಟಕ್ಕೂ ಒಂದು ಮುಡಿ ಕಟ್ಟಿ,” ಎಂದು ನಕ್ಕರು. ನಗುತ್ತ ಹೇಳಿದರಾದರೂ ಆ ಮಾತಿನಲ್ಲಿಯೇ ಪರಿಹಾರವಿತ್ತು. ಕೋಣೆಯನ್ನೆಲ್ಲ ಒಣಗಿಸುವುದಕ್ಕೆ ಬದಲು ಒಂದು ಚಿಕ್ಕ ಜಾಗವನ್ನು ಬಿಗಿ ಮಾಡಿ, ಅದರೊಳಗೆ ತೇವ ಕುಡಿಯುವ ವಸ್ತುವನ್ನಿಡುವುದು.

ಏಕೆಂದರೆ ಕೋಣೆಯನ್ನು ಒಣಗಿಸುವುದೆಂದರೆ ಯಂತ್ರ. ಏಸಿ ಹಾಕಿಸಿದರೆ ಹೇಗೆಂದು ಹೆಂಡತಿ ಕೇಳಿದಳು. ಏಸಿ ನಡೆಯುವಾಗ ತೇವ ತೆಗೆಯುತ್ತದೆ, ನಿಜ. ಆದರೆ ಇಲ್ಲಿ ಮಳೆಗಾಲದಲ್ಲಿ ಗಾಳಿ ಬೀಸಿದರೆ ಒಂದು ಅಡಕೆಮರ ತಂತಿಯ ಮೇಲೆ ಮಲಗುತ್ತದೆ, ಕರೆಂಟು ಹೋಗುತ್ತದೆ. ತಣ್ಣಗಿದ್ದ ಕೋಣೆಗೆ ಹೊರಗಿನ ಹಸಿಗಾಳಿ ನುಗ್ಗಿ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಪ್ರತಿಯೊಂದು ಕ್ಯಾಸೆಟ್ಟಿನ ಮೈಯೂ ಬೆವರುತ್ತದೆ. ರಾತ್ರಿ ಹಾಕಿ ಹಗಲು ಆರಿಸುವ ಏಸಿ ಇದಕ್ಕಿಂತ ಉತ್ತಮವಲ್ಲ. ಮೇಲಾಗಿ ಮೇಷ್ಟರ ಸಂಬಳ.

ತೇವದ ವಿಷಯ ಓದುತ್ತಿದ್ದಾಗಲೇ ಅಮೆರಿಕದ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಟಾರಿ ಎಂಬ ಕಂಪನಿ 1983ರ ಸೆಪ್ಟೆಂಬರಿನಲ್ಲಿ ತನ್ನ ಮಾರಾಟವಾಗದ ಸರಕನ್ನು ಲಾರಿಗಟ್ಟಲೆ ಒಯ್ದು ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಊರಿನ ತಿಪ್ಪೆಗುಂಡಿಯಲ್ಲಿ ಹೂತು ಮೇಲೆ ಕಾಂಕ್ರೀಟು ಸುರಿಯಿತು. ಅದರಲ್ಲಿ ‘ಈಟಿ’ ಎಂಬ ಸಿನಿಮಾದ ಹೆಸರಿನ ಆಟವೂ ಇತ್ತು. ಬಹಳ ಕೆಟ್ಟ ಆಟವೆಂದು ಪ್ರಸಿದ್ಧವಾದದ್ದು. 2014ರ ಏಪ್ರಿಲಿನಲ್ಲಿ ಅಲ್ಲಿ ಅಗೆದರು. ಸುಮಾರು 1,300 ಕ್ಯಾಸೆಟ್ಟುಗಳು ಸಿಕ್ಕಿದವು. ಜಜ್ಜಿಹೋಗಿದ್ದರೂ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಗುರುತಿಸಬಹುದಾಗಿತ್ತು. ಅವುಗಳಲ್ಲಿ ಒಂದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಮರುಭೂಮಿಯ ಒಣಮಣ್ಣಿನಲ್ಲಿ, ಕಸದ ನಡುವೆ, ಯಾರೂ ಬೇಡವೆಂದು ಬಿಸಾಟ ವಸ್ತು 30 ವರ್ಷ ಬಾಳಿತು; ಇಲ್ಲಿ ಬೀಗ ಹಾಕಿದ ಬೀರುವಿನಲ್ಲಿ, ಪ್ರೀತಿಯ ನಡುವೆ, ಹದಿನೈದು ದಿನಕ್ಕೆ ಗಡ್ಡ ಬಂತು. ಪ್ರೀತಿಗಿಂತ ಹವೆ ದೊಡ್ಡದೋ ಎನ್ನಿಸಿ ಒಂದು ಸಂಜೆ ನಾನು ಸ್ವಲ್ಪ ಮಂಕಾಗಿ ಕುಳಿತಿದ್ದೆ.

ಆದರೆ ಇಡಿಯ 340ರಲ್ಲಿ ನನ್ನ ಹೆಂಡತಿಗೆ ಬೇಕಾದದ್ದು ಒಂದೇ. ಅದನ್ನು ಹೇಳದಿದ್ದರೆ ಉಳಿದ ಮಾತೆಲ್ಲ ಬರಿಯ ಸಾಮಾನಿನ ಮಾತಾಗುತ್ತದೆ.

ನನ್ನ ಮಾವನವರು ರೈಲ್ವೆ ಮೇಲ್ ಸರ್ವಿಸಿನಲ್ಲಿದ್ದವರು. ಓಡುವ ರೈಲಿನಲ್ಲಿ ರಾತ್ರಿಯೆಲ್ಲ ನಿಂತು, ಗೂಡುಗೂಡಾದ ಹಲಗೆಯ ಮುಂದೆ ಕಾಗದಗಳನ್ನು ಊರೂರಿಗೆ ವಿಂಗಡಿಸುವುದು ಅವರ ವೃತ್ತಿ. ನಿವೃತ್ತರಾದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಬಟಾಣಿಯನ್ನು ಕೂಡ ಸಾಲಾಗಿ ಜೋಡಿಸುತ್ತಿದ್ದರು. ಮಗ ಮೊದಲ ಬಾರಿ ಹಡಗಿನಿಂದ ರಜೆಗೆ ಬಂದದ್ದು 2007ರಲ್ಲಿ. ಬರುವಾಗ ಯೊಕೊಹಾಮದ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಗೇಮ್ ಬಾಯ್ ಕಲರ್ ಯಂತ್ರವನ್ನೂ ‘ಟೆಟ್ರಿಸ್ ಡಿಎಕ್ಸ್’ ಎಂಬ ಆಟವನ್ನೂ ತಂದು ತಂದೆಯ ಕೈಗಿತ್ತ. ಟೆಟ್ರಿಸ್ ಎಂಬುದು 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಕಂಡುಹಿಡಿದ ಆಟ. ಮೇಲಿನಿಂದ ಬೇರೆ ಬೇರೆ ಆಕಾರದ ತುಂಡುಗಳು ಬೀಳುತ್ತವೆ. ತಿರುಗಿಸಿ ಸಂದಿಗೆ ಕೂರಿಸಬೇಕು. ಸಾಲು ತುಂಬಿದರೆ ಅದು ಮಾಯವಾಗುತ್ತದೆ. ಮಾವನವರು ಹತ್ತು ನಿಮಿಷ ನೋಡಿ, “ಇದು ಸಾರ್ಟಿಂಗು ಕಣೋ,” ಎಂದರು. ಆಮೇಲೆ ಎರಡು ವರ್ಷ ಅದನ್ನು ಬಿಡಲಿಲ್ಲ. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುವ ಯಂತ್ರ. ತಿಂಗಳ ದಿನಸಿ ಚೀಟಿಯಲ್ಲಿ ತೊಗರಿಬೇಳೆಯ ಕೆಳಗೆ ಸೆಲ್ಲು ಎಂದು ಬರೆದಿರುತ್ತಿತ್ತು. 2009ರಲ್ಲಿ ತೀರಿಕೊಂಡರು.

ಟೆಟ್ರಿಸ್ಸಿನ ಹಳೆಯ ಗೇಮ್ ಬಾಯ್ ಕ್ಯಾಸೆಟ್ಟಿಗೆ, ಅಂದರೆ 1989ರದಕ್ಕೆ, ನೆನಪಿನ ಶಕ್ತಿಯಿರಲಿಲ್ಲ. ಯಂತ್ರ ಆರಿಸಿದರೆ ಗಳಿಸಿದ ಅಂಕವೆಲ್ಲ ಹೋಯಿತು. 1998ರ ಡಿಎಕ್ಸ್‌ಗೆ ಆ ಶಕ್ತಿಯಿದೆ; ಆಡುವವನ ಹೆಸರನ್ನೂ ಹೆಚ್ಚಿನ ಅಂಕಗಳನ್ನೂ ಇಟ್ಟುಕೊಳ್ಳುತ್ತದೆ. ಮಾವನವರು ಹೆಸರು ಬರೆಯುವ ಜಾಗದಲ್ಲಿ ತಮ್ಮ ಹೆಸರನ್ನು ಬರೆಯಲಿಲ್ಲ. ಆರ್, ಎಂ, ಎಸ್ ಎಂದು ಇಲಾಖೆಯ ಮೂರಕ್ಷರ ಬರೆದರು. ಅದರ ಎದುರಿಗೆ ಇರುವ ಅಂಕ 1,12,460. ವರ್ಷಕ್ಕೊಮ್ಮೆ, ತಿಥಿಯ ದಿನ ಸಂಜೆ, ನನ್ನ ಹೆಂಡತಿ ಅದನ್ನು ಹಾಕಿ ನೋಡುತ್ತಾಳೆ. ಆಡುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, “ಗೆದ್ದುಬಿಟ್ಟರೆ?” ಎಂದಳು.

ಈ ನೆನಪು ಇರುವುದು ಎಲ್ಲಿ? ಆಟ ಶಾಸನದಂತೆ ಕೆತ್ತಿದ್ದು ಎಂದೆನಲ್ಲ, ಅಂಕ ಹಾಗಲ್ಲ. ಅದು ಇನ್ನೊಂದು ಚಿಪ್ಪಿನಲ್ಲಿ ಬಳಪದಲ್ಲಿ ಬರೆದಂತೆ ಬರೆದದ್ದು. ಅದನ್ನು ಅಳಿಯದಂತೆ ಹಿಡಿದಿರುವುದು ಕ್ಯಾಸೆಟ್ಟಿನೊಳಗೆ ಬೆಸುಗೆ ಹಾಕಿಟ್ಟ ನಾಣ್ಯದಾಕಾರದ ಒಂದು ಸೆಲ್ಲು. ಯಂತ್ರ ಆರಿದ್ದಾಗಲೂ, ನಾವೆಲ್ಲ ನಿದ್ದೆ ಮಾಡುವಾಗಲೂ, ಆ ಸೆಲ್ಲು ಚೂರು ಚೂರು ವಿದ್ಯುತ್ತನ್ನು ಉಣಿಸುತ್ತ ಆ ಮೂರಕ್ಷರವನ್ನು ಎಚ್ಚರವಾಗಿಟ್ಟಿದೆ. ಇಂಥ ಸೆಲ್ಲಿನ ಆಯುಸ್ಸು ಹದಿನೈದು ಇಪ್ಪತ್ತು ವರ್ಷವೆಂದು ವಾಡಿಕೆಯ ಲೆಕ್ಕ. ಒಳಗೆ ಗಡಿಯಾರವೂ ಇರುವ ಕೆಲವು ಪೊಕೆಮಾನ್ ಕ್ಯಾಸೆಟ್ಟುಗಳಲ್ಲಿ ಬೇಗ ಬತ್ತುತ್ತದೆ. ಗಡಿಯಾರವಿಲ್ಲದವುಗಳಲ್ಲಿ ಇಪ್ಪತ್ತೈದು ದಾಟಿದ್ದೂ ಉಂಟು. ಶಾಖ ಹೆಚ್ಚಿದಷ್ಟೂ ಅದು ತನ್ನಷ್ಟಕ್ಕೆ ತಾನೇ ಬೇಗ ಸವೆಯುತ್ತದೆ. ಏಪ್ರಿಲಿನಲ್ಲಿ ಹೆಂಚಿನ ಕೆಳಗಿನ ಉಪ್ಪರಿಗೆಯಲ್ಲಿ ನನ್ನ ಮಾಪಕ 39 ಡಿಗ್ರಿ ತೋರಿಸಿತು. ನಡುಮನೆಯ ಹಿಂದಿನ ಒಳಕೋಣೆಯಲ್ಲಿ, ಅದೇ ಮಧ್ಯಾಹ್ನ, 30.

ಇಲ್ಲಿಗೆ ಕೋಣೆಯ ಪ್ರಶ್ನೆ ಬಂತು. ಒಳಕೋಣೆಗೆ ಕಿಟಕಿಯಿಲ್ಲ, ಹೊರಗೋಡೆಯೂ ಇಲ್ಲ, ನಾಲ್ಕು ಕಡೆಗೂ ಬೇರೆ ಕೋಣೆಗಳಿವೆ. ಬಿಸಿಲು, ಮಳೆ ಎರಡೂ ಅದಕ್ಕೆ ಕೇಳಿದ ಸುದ್ದಿ ಮಾತ್ರ. ಮನೆಯಲ್ಲಿ ಅತ್ಯುತ್ತಮವಾದ ಕೋಣೆ ಅದು. ಅದರಲ್ಲಿ ಇದ್ದದ್ದು ನನ್ನ ಪುಸ್ತಕಗಳು. ಇಪ್ಪತ್ತೆರಡು ವರ್ಷ ಕೂಡಿಸಿದ ಕಾವ್ಯ, ನಿಘಂಟು, ಶಾಸನ ಸಂಪುಟಗಳು. ಪಂಪ ರನ್ನರನ್ನು ಸರಿಸಿ ಮಾರಿಯೋನನ್ನು ಕೂರಿಸಬೇಕೆ ಎಂಬ ಪ್ರಶ್ನೆಯನ್ನು ನಾನು ಗಟ್ಟಿಯಾಗಿಯೇ ಕೇಳಿದೆ. ಹೆಂಡತಿ ಉತ್ತರ ಕೊಡಲಿಲ್ಲ. ಟೆಟ್ರಿಸ್ಸಿನ ಕ್ಯಾಸೆಟ್ಟನ್ನು ತನ್ನ ಬಳೆಯ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಮೂರು ದಿನ ಊಟದ ಹೊತ್ತಿನಲ್ಲಿ ಉಪ್ಪು ಸಾಕೇ ಎಂಬುದರ ಹೊರತು ಬೇರೆ ಮಾತಿರಲಿಲ್ಲ.

ನಾಲ್ಕನೆಯ ದಿನ ಗ್ರಂಥಾಲಯ ಶಾಸ್ತ್ರದ ಒಂದು ಪುಸ್ತಕ ನೋಡುತ್ತಿದ್ದಾಗ, ಪುಸ್ತಕಗಳಿಗೂ ಬೇಕಾದದ್ದು ಇದೇ ಕತ್ತಲೆ, ಹೆಚ್ಚುಕಡಿಮೆ ಇದೇ ಉಷ್ಣತೆ, ಇದೇ ತೇವ ಎಂಬುದು ಕಂಡಿತು. ಒಬ್ಬರು ಎದ್ದು ಹೋಗಬೇಕಾಗಿಲ್ಲ. ಒಬ್ಬರಿಗೊಬ್ಬರು ಸ್ವಲ್ಪ ಸರಿದುಕೊಂಡರೆ ಸಾಕು. ಬೂಷ್ಟು ಹಿಡಿದ ಶೂರನ ಪೆಟ್ಟಿಗೆ ಮಾತ್ರ ಬೇರೆ ಇರಬೇಕು, ಬೂಷ್ಟಿಗೆ ಭಾಷಾಭೇದವಿಲ್ಲ. ಪೂರ್ವದ ಗೋಡೆಯ ಕಪಾಟು ಆಟಗಳಿಗಾಯಿತು.

ಭಾವಮೈದುನ 2023ರ ಡಿಸೆಂಬರಿನಲ್ಲಿ ರಜೆಗೆ ಬಂದ. ಬರುವಾಗ ಕ್ಯಾಸೆಟ್ಟಿನ ನೆನಪನ್ನು ಓದಿ ಕಂಪ್ಯೂಟರಿಗೆ ಇಳಿಸುವ ಒಂದು ಪುಟ್ಟ ಸಾಧನವನ್ನು ತಂದಿದ್ದ. ಮಾವನವರ ಎರಡು ವರ್ಷದ ಶ್ರಮ ಕೆಲವೇ ಕಿಲೋಬೈಟುಗಳಲ್ಲಿ ಇಳಿದು ಬಂತು; ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕಿಂತ ಎಷ್ಟೋ ಚಿಕ್ಕದು. “ಇನ್ನು ಭಯವಿಲ್ಲ ಅಕ್ಕ,” ಎಂದ ಅವನು. “ಹಳೇ ಸೆಲ್ಲು ಕಿತ್ತು ಹೊಸದು ಹಾಕ್ತೀನಿ. ಕೀಳುವಾಗ ಅಂಕ ಅಳಿಸಿಹೋಗುತ್ತೆ, ಪರವಾಗಿಲ್ಲ, ಈ ನಕಲನ್ನೇ ತಿರುಗಿ ಅದರೊಳಗೆ ಬರೆದರೆ ಆಯ್ತು.”

“ತಿರುಗಿ ಬರೆದರೆ ಅದು ಅಪ್ಪ ಬರೆದದ್ದೋ, ನೀನು ಬರೆದದ್ದೋ?” ಎಂದಳು ಅವಳು.

ನನ್ನ ವಿದ್ಯೆಯ ಸರಹದ್ದಿಗೆ ಬಂದ ಪ್ರಶ್ನೆಯಾದ್ದರಿಂದ ನಾನು ಬಾಯಿ ಹಾಕಿದೆ. ಈ ನಮ್ಮ ಕರಾವಳಿಯಲ್ಲೇ, ನನ್ನ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಮೂಡುಬಿದಿರೆಯಲ್ಲಿ, ಜೈನರ ಧವಲಾ, ಜಯಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಉಳಿದವು. ಹಳಗನ್ನಡ ಲಿಪಿಯ ಬರಹ. ಸುಮಾರು 12ನೆಯ ಶತಮಾನದ ಕಾಲದ್ದು. ಇದೇ ಮಳೆ, ಇದೇ ತೇವ, ಇದೇ ಒರಲೆ. ಏಸಿಯಿರಲಿಲ್ಲ, ಮಾಪಕವಿರಲಿಲ್ಲ. ಮಠದ ಕತ್ತಲೆಯಿತ್ತು, ಬಟ್ಟೆಯ ಕಟ್ಟಿತ್ತು, ಕಾಯುವವರಿದ್ದರು. ಆದರೂ ಗರಿ ಗರಿಯೇ. 19ನೆಯ ಶತಮಾನದ ಕೊನೆಯ ಹೊತ್ತಿಗೆ ನಕಲು ಮಾಡಿಸದೆ ವಿಧಿಯಿಲ್ಲವೆಂದು ತೋರಿತು. ನಕಲಾಯಿತು, ನಕಲಿನಿಂದ ಅಚ್ಚಾಗಿ 1939ರಿಂದ ಲೋಕಕ್ಕೆ ಸಿಕ್ಕಿತು. ನಮ್ಮ ದೇಶದಲ್ಲಿ ಕಾಪಾಡುವುದೆಂದರೆ ಬೆಚ್ಚಗಿಡುವುದಷ್ಟೇ ಅಲ್ಲ, ಗರಿ ಮುರಿಯುವುದರೊಳಗೆ ಇನ್ನೊಂದು ಗರಿಗೆ ಇಳಿಸುವುದು. ಪಂಪ 941ರಲ್ಲಿ ಬರೆದ. ಅವನ ಕೈಬರಹ ಕಂಡವರು ಯಾರು? ನಾವು ಓದುವ ಪಂಪನೆಲ್ಲ ನಕಲುಗಾರರ ಪಂಪನೇ. ಹಾಗೆಂದು ಅವನು ಪಂಪನಲ್ಲದೆ ಹೋದನೇ?

ತರಗತಿಯಲ್ಲಾದರೆ ಇಷ್ಟಕ್ಕೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ನನ್ನ ಹೆಂಡತಿ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸುತ್ತ, “ಪಂಪ ನನ್ನ ಅಪ್ಪ ಅಲ್ಲ,” ಎಂದಳು.

ಇದಕ್ಕೆ ಪಾಠಾಂತರವಿಲ್ಲ. ಹಳೆಯ ಸೆಲ್ಲು ಇರುವಷ್ಟು ದಿನ ಇರಲಿ ಎಂದು ತೀರ್ಮಾನವಾಯಿತು. ನಕಲು ಕಂಪ್ಯೂಟರಿನಲ್ಲೊಂದು, ಅವನ ಹಡಗಿನಲ್ಲೊಂದು ಇದೆ. ಸೆಲ್ಲು ಬತ್ತಿದ ದಿನ ಏನು ಮಾಡುವುದೆಂಬುದನ್ನು ಅಕ್ಕ ತಮ್ಮ ಇಬ್ಬರೂ ಮಾತಾಡಿಲ್ಲ.

ಅವನು ಒಂದು ವಿಷಯದಲ್ಲಿ ನನಗಿಂತ ನಿರಾಶಾವಾದಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲೇ ಇಲ್ಲವೆಂದು ತಿಳಿದುಬಂತಂತೆ. “ಈಚಿನವು ಇನ್ನೂ ಕಷ್ಟ ಭಾವ. ಎಷ್ಟೋ ಆಟಕ್ಕೆ ಕ್ಯಾಸೆಟ್ಟೂ ಇಲ್ಲ, ಡಿಸ್ಕೂ ಇಲ್ಲ. ಗಾಳಿಯಲ್ಲಿ ಬರುತ್ತೆ,” ಎಂದ. ನಿಂಟೆಂಡೊ 2023ರ ಮಾರ್ಚಿನಲ್ಲಿ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲದ ಅಂಗಡಿಗೆ ಬಾಗಿಲು ಹಾಕಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಮುಚ್ಚಿತು. ಅಂಥ ಆಟಕ್ಕೆ ಯಾವ ಒಳಕೋಣೆಯನ್ನು ಬಿಟ್ಟುಕೊಡೋಣ? ಬೂಷ್ಟು ಹಿಡಿಯುವುದಕ್ಕಾದರೂ ಒಂದು ಮೈ ಬೇಕಷ್ಟೆ.

ಈಗಿನ ವ್ಯವಸ್ಥೆಯನ್ನು ಕೇಳುವವರಿಗಾಗಿ ಹೇಳಿಬಿಡುತ್ತೇನೆ; ಕರಾವಳಿಯಲ್ಲಿ ಕ್ಯಾಮೆರ ಇಟ್ಟುಕೊಂಡವರಿಗೂ ಇದೇ ಸಾಕು. ಮುಚ್ಚಳಕ್ಕೆ ರಬ್ಬರಿನ ಅಂಚಿರುವ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಗಳು, ಎಂಟು. ಒಂದೊಂದರ ತಳದಲ್ಲಿ ಸಿಲಿಕಾ ಜೆಲ್ ಎಂಬ ಕಾಳು ಬಟ್ಟೆಯ ಚೀಲದಲ್ಲಿ. ಒಣಗಿದ್ದಾಗ ಕಿತ್ತಳೆ ಬಣ್ಣ, ತೇವ ಕುಡಿದಾಗ ಹಸುರು. ಪ್ರತಿ ಡಬ್ಬದೊಳಗೂ ಒಂದು ಚಿಕ್ಕ ಮಾಪಕ. ಡಿಸ್ಕುಗಳು ನಿಂತಿವೆ. ತಂತಿಗಳಿಗೆ ಹತ್ತಿಯ ದಾರ. ಡಬ್ಬ ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ನಾಲ್ಕು ಬೆರಳು ಈಚೆ. ಮುಚ್ಚುವ ಕೆಲಸ ಮಳೆಗಾಲದಲ್ಲಲ್ಲ, ಫೆಬ್ರವರಿಯ ಒಣ ಮಧ್ಯಾಹ್ನದಲ್ಲಿ. ಒಳಗೆ ಸೆರೆಯಾಗುವ ಗಾಳಿ ಆ ದಿನದ್ದಾಗಿರಬೇಕು. ಟೆಟ್ರಿಸ್ಸು ಕೆಳಗಿನ ಹಲಗೆಯ ಮೂಲೆಯ ಡಬ್ಬದಲ್ಲಿದೆ, ಬಳೆಯ ಡಬ್ಬಿಯ ಸಮೇತ. ಪಕ್ಕದ ಹಲಗೆಯಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಿವೆ. ಇದುವರೆಗೆ ಎರಡು ಕಡೆಯವರೂ ದೂರು ಹೇಳಿಲ್ಲ.

ಈಗ ಹೊರಗೆ ಆಟಿ ತಿಂಗಳ ಮಳೆ. ಜಗಲಿಯಲ್ಲಿ 95. ಡಬ್ಬಗಳೊಳಗೆ 44, 46, 45. ಏಳನೆಯದರಲ್ಲಿ ಮಾತ್ರ 53ಕ್ಕೆ ಏರಿದೆ, ಕಾಳು ಹಸುರಾಗತೊಡಗಿದೆ. ಅದಕ್ಕೆಂದೇ ಮೀಸಲಿಟ್ಟ ಹಳೆಯ ಬಾಣಲೆಯೊಂದಿದೆ. ಭಾನುವಾರ ದೋಸೆಯಾಗಿ ಒಲೆ ಬಿಡುವಾದ ಮೇಲೆ, ಸಣ್ಣ ಉರಿಯಲ್ಲಿ ಹುರಿಯಬೇಕು.